ಖತಾವಣಿಯಿಂದ ಇಳಿಸಿಕೊಂಡ ಹೆಸರುಗಳು

3 ಜೂನ್ 2024, ಸೋಮವಾರ

ಹಿಂದಿನ ಕೋಣೆಯ ಬೀಗ ಇವತ್ತು ತೆಗೆದೆವು. ಕೀಲಿಕೈ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಬಡಿಗೇರರನ್ನು ಕರೆಸಿ ಚಿಲಕವನ್ನೇ ಬಿಚ್ಚಿಸಬೇಕಾಯಿತು. ರೋಹಿಣಿ ಮಳೆ ಹದವಾಗಿ ಬಿದ್ದು ಊರೆಲ್ಲ ಬಿತ್ತನೆಯ ಗಡಿಬಿಡಿಯಲ್ಲಿದೆ. ಸೊಸಾಯಿಟಿಯ ಮುಂದಿನ ಬಾಗಿಲಲ್ಲಿ ಡಿಎಪಿ ಗೊಬ್ಬರಕ್ಕೆ ಪಾಳಿ, ಹೆಬ್ಬೆಟ್ಟು ಒತ್ತುವ ಯಂತ್ರದ ಮುಂದೆ ತಳ್ಳಾಟ. ಹಿಂದಿನ ಬಾಗಿಲಲ್ಲಿ ನಾನು, ನಮ್ಮ ಸಿಪಾಯಿ ಕಾಕಾ, ಕಾಲು ಮುಳುಗುವಷ್ಟು ಧೂಳು.

ಎರಡು ಕಬ್ಬಿಣದ ಕಪಾಟು, ಒಂದು ತೇಗದ ಪೆಟ್ಟಿಗೆ, ಕೆಂಪು ಬಟ್ಟೆಯಲ್ಲಿ ಕಟ್ಟಿದ ರುಮಾಲುಗಳು. ಸಂಜೆಯವರೆಗೆ ಎಣಿಸಿದೆವು. ರೋಜು ಕಿರ್ದಿ 61, ಷೇರು ಖತಾವಣಿ 7, ಸಾಲದ ಖತಾವಣಿ 34, ನಡಾವಳಿ ಪುಸ್ತಕ 19. ಒಟ್ಟು 121, ರುಮಾಲುಗಳ ಲೆಕ್ಕ ಬೇರೆ. ಮೊದಲ ಷೇರು ಖತಾವಣಿಯ ಮೇಲೆ ‘ಮುಂಬಯಿ ಇಲಾಖೆ, ಜಿಲ್ಲಾ ಧಾರವಾಡ’ ಎಂದು ಬರೆದಿದೆ, ಇಸವಿ 1926. ಗದಗ ಜಿಲ್ಲೆಯಾದದ್ದು 1997ರಲ್ಲಿ. ಈ ಪುಸ್ತಕಕ್ಕೆ ಆಗಲೇ ಎಪ್ಪತ್ತು ದಾಟಿತ್ತು.

ಕಂಪ್ಯೂಟರೀಕರಣದ ಕೆಲಸ ನನ್ನ ಕೊರಳಿಗೆ ಬಿದ್ದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು: ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ಐದು ವರ್ಷ, 2,516 ಕೋಟಿ ರೂಪಾಯಿ, ನಬಾರ್ಡ್ ಉಸ್ತುವಾರಿ. ಎಲ್ಲ ಸಂಘಗಳಿಗೂ ಒಂದೇ ಬಗೆಯ ಲೆಕ್ಕಪದ್ಧತಿ. ನಮ್ಮಿಂದ ತಂತ್ರಾಂಶ ಕೇಳುವುದು 31 ಮಾರ್ಚ್ 2024ರ ಆಖೈರು ಶಿಲ್ಕು ಮಾತ್ರ. ಅಂದರೆ ತೊಂಬತ್ತೆಂಟು ವರ್ಷದ ಬರವಣಿಗೆಯಿಂದ ಕೊನೆಯ ಸಾಲಷ್ಟನ್ನೇ ಕಿತ್ತು ಕೊಡಬೇಕು. ಹಾಗಾದರೆ ಈ ಕೋಣೆಯ ಬೀಗ ತೆಗೆಯುವ ಅಗತ್ಯವೇ ಇರಲಿಲ್ಲ ಎಂದು ಕಾರ್ಯದರ್ಶಿ ಸಾಹೇಬರು ಹೇಳಿದರು. ನಾನೇ ಹಟ ಹಿಡಿದು ತೆಗೆಸಿದೆ.

11 ಜೂನ್, ಮಂಗಳವಾರ

ಗದಗದಲ್ಲಿ ಎರಡು ದಿನದ ತರಬೇತಿ ಮುಗಿಯಿತು. ಪರದೆಯ ಮೇಲೆ ಎಲ್ಲವೂ ಸಲೀಸು. ಸದಸ್ಯರ ಮಾಹಿತಿ, ಷೇರು, ಠೇವಣಿ, ಸಾಲ, ದಾಸ್ತಾನು ಎಂದು ಮನೆಮನೆಯಾಗಿ ತುಂಬುತ್ತ ಹೋದರೆ ಕೊನೆಗೆ ತಾಳೆಪಟ್ಟಿ ತಾನೇ ಬರುತ್ತದೆ. ದಿನದ ಕಿರ್ದಿ ಸಂಜೆಗೇ ಮುಚ್ಚುತ್ತದೆ. ನಾಳೆ ಕುಳಿತು ನಿನ್ನೆಯ ತಾರೀಖು ಹಾಕಿ ಬರೆಯಲು ಬರುವುದಿಲ್ಲ. ಇದೊಂದು ಗುಣಕ್ಕಾಗಿಯೇ ನಾನು ಈ ಕೆಲಸವನ್ನು ಮನಸಾರೆ ಒಪ್ಪಿದ್ದೇನೆ. ಹಳ್ಳಿಯ ಸೊಸಾಯಿಟಿ ಹಾಳಾಗುವುದು ಹೆಚ್ಚಾಗಿ ತಡವಾಗಿ ಬರೆದ ಕಿರ್ದಿಯಿಂದ. ಹತ್ತೊಂಬತ್ತು ವರ್ಷದ ಗುಮಾಸ್ತಿಕೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಬರುವಾಗ ಕಣಗಿನಹಾಳಕ್ಕೆ ಹೋಗಿ ಬಂದೆ. ಇಷ್ಟು ಹತ್ತಿರವಿದ್ದೂ ಒಮ್ಮೆಯೂ ಹೋಗಿರಲಿಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಿನಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಇಡೀ ದೇಶಕ್ಕೆ ಅದು ಮೊದಲನೆಯದು. ಸಾಹುಕಾರನ ಬಡ್ಡಿಯಲ್ಲಿ ಹೊಲ ಕಳೆದುಕೊಳ್ಳುತ್ತಿದ್ದ ರೈತರು ತಮ್ಮತಮ್ಮಲ್ಲೇ ಹಣ ಕೂಡಿಸಿ ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಂಡರು.

ಆ ಕಾಯಿದೆಯಲ್ಲಿ ಒಂದು ಷರತ್ತಿತ್ತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಜವಾಬ್ದಾರಿಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಕಟ್ಟಿದ ಷೇರಿನಷ್ಟೇ ಹೋಗುವುದಲ್ಲ, ಪ್ರತಿಯೊಬ್ಬನ ಹೊಲಮನೆಯೂ ಸಂಘದ ಸಾಲಕ್ಕೆ ಹೊಣೆ. ಇವತ್ತು ಎಲ್ಲ ಸೊಸಾಯಿಟಿಗಳ ಹೆಸರಿನ ಕೊನೆಗೂ ‘ನಿಯಮಿತ’ ಎಂದಿರುವುದರಿಂದ ಆ ಧೈರ್ಯ ನಮಗೆ ಮರೆತೇಹೋಗಿದೆ. ಅವನು ತೀರಿಸದಿದ್ದರೆ ನಾನು ತೀರಿಸುತ್ತೇನೆ ಎಂದು ಒಪ್ಪಿಯೇ ಆಗಿನವರು ಒಬ್ಬೊಬ್ಬರನ್ನು ಸದಸ್ಯನಾಗಿ ಸೇರಿಸಿಕೊಳ್ಳುತ್ತಿದ್ದರು. ಹೆಸರು ಬರೆಯುವುದೆಂದರೆ ಅಷ್ಟು ದೊಡ್ಡ ಮಾತು. ಬಸ್ಸಿನಲ್ಲಿ ಕುಳಿತಾಗಿನಿಂದ ತಲೆಯಲ್ಲಿ ಇದೇ ಓಡುತ್ತಿದೆ.

24 ಜೂನ್, ಸೋಮವಾರ

ಷೇರಿನ ಲೆಕ್ಕ ತಾಳೆಯಾಗಲಿಲ್ಲ.

ಸಾಮಾನ್ಯ ಖತಾವಣಿಯಲ್ಲಿ ಷೇರು ಬಂಡವಾಳ ರೂ. 38,42,310. ಸದಸ್ಯರವಾರು ಕೂಡಿಸಿದರೆ ರೂ. 38,37,655. ವ್ಯತ್ಯಾಸ ರೂ. 4,655. ಮೂರು ಸಲ ಕೂಡಿಸಿದೆವು.

ಕಂಪನಿಯಿಂದ ಬಂದಿರುವ ಹುಡುಗ ಒಳ್ಳೆಯವನು. ಅವನ ಮೇಲೆ ಸುತ್ತಮುತ್ತಲ ನಲವತ್ತು ಸಂಘಗಳ ಭಾರವಿದೆ, ತಿಂಗಳಿಗೆ ಇಷ್ಟು ಸಂಘ ಮುಗಿಸಬೇಕೆಂಬ ಗುರಿ ಇದೆ. ನನ್ನ ಮುಖ ನೋಡಿ ಅವನೇ ದಾರಿ ಹೇಳಿದ.

“ಅಕ್ಕಾರ, ಇದನ್ನ ಅನಾಮತ್ ಖಾತೇದಾಗ ಹಾಕಿಬಿಡ್ರಿ. ತಾಳೆ ಆಗ್ತೈತಿ. ನಲವತ್ತು ಲಕ್ಷದಾಗ ನಾಕ್ ಸಾವ್ರ ಏನ್ ದೊಡ್ಡದಲ್ರಿ. ಎಲ್ಲಾ ಕಡೆ ಹಂಗ ಮಾಡ್ಯಾರ.”

ಕಾರ್ಯದರ್ಶಿಯವರೂ ತಲೆಯಾಡಿಸಿದರು. ಲೆಕ್ಕಪತ್ರದ ದೃಷ್ಟಿಯಿಂದ ತಪ್ಪೂ ಅಲ್ಲ. ವ್ಯತ್ಯಾಸ ಬಗೆಹರಿಯುವವರೆಗೆ ಇಡಲೆಂದೇ ಅನಾಮತು ಖಾತೆ ಇರುವುದು. ಆದರೆ ಒಮ್ಮೆ ಅಲ್ಲಿಗೆ ಹೋದ ಮೊತ್ತವನ್ನು ಯಾರೂ ಮತ್ತೆ ಬಿಚ್ಚಿ ನೋಡುವುದಿಲ್ಲ. ವರ್ಷವರ್ಷವೂ ಆಡಿಟ್ ವರದಿಯಲ್ಲಿ ಒಂದು ಸಾಲಾಗಿ ಬಂದು, ಕೊನೆಗೊಂದು ದಿನ ಲಾಭಕ್ಕೆ ಜಮೆಯಾಗುತ್ತದೆ. ಈ 4,655 ರೂಪಾಯಿ ಸಂಘದ್ದಲ್ಲ. ಯಾರೋ ಕಟ್ಟಿದ್ದು. ಐದು, ಹತ್ತು, ಇಪ್ಪತ್ತು ರೂಪಾಯಿಯ ಷೇರುಗಳು. ಅಂದರೆ ಒಂದು ನೂರು ಜನರಾದರೂ ಇದರಲ್ಲಿದ್ದಾರೆ.

2018ರ ಸಾಲ ಮನ್ನಾದ ದಿನಗಳು ನೆನಪಾದವು. ಸಹಕಾರ ಸಂಘದ ಬೆಳೆಸಾಲ ಒಂದು ಲಕ್ಷದವರೆಗೆ ಮನ್ನಾ. ಆಧಾರ್, ಪಡಿತರ ಚೀಟಿ, ಪಹಣಿ ಎಲ್ಲ ಹೊಂದಬೇಕು. ನಮ್ಮ ಸಾಲದ ಖತಾವಣಿಯಲ್ಲಿ ‘ಈರಪ್ಪ’, ಆಧಾರ್‌ನಲ್ಲಿ ‘ವೀರಪ್ಪ’. ಊರಿಗೆಲ್ಲ ಅವನೊಬ್ಬನೇ, ಯಂತ್ರಕ್ಕೆ ಇಬ್ಬರು. ಆ ರೈತ ಎಷ್ಟು ಸಲ ತಿರುಗಿದನೆಂದು ನಾನು ಬಲ್ಲೆ, ಏಕೆಂದರೆ ಪ್ರತಿ ಸಲವೂ ಅರ್ಜಿ ಬರೆದುಕೊಟ್ಟವಳು ನಾನೇ. ಒಂದು ‘ವ’ ಬಿಟ್ಟುಹೋಗಿದ್ದಕ್ಕೆ ಒಂದು ಹಂಗಾಮು ಅವನಿಗೆ ಹೊಸ ಸಾಲ ಸಿಗಲಿಲ್ಲ.

ಅನಾಮತ್ತಿಗೆ ಹಾಕುವುದಿಲ್ಲ ಎಂದೆ. ಸೆಪ್ಟೆಂಬರ್‌ನ ಸರ್ವಸದಸ್ಯರ ಸಭೆಯವರೆಗೆ ಸಮಯ ಕೇಳಿಕೊಂಡೆ. ಅಧ್ಯಕ್ಷ ಗೌಡರು ಒಪ್ಪಿದರು, “ಹುಡುಕ್ರೀ, ಆದ್ರ ಗೊಬ್ಬರದ ಬಿಲ್ ನಿಲ್ಲಬಾರ್ದು” ಎಂದರು. ನ್ಯಾಯದ ಮಾತು.

8 ಜುಲೈ, ಸೋಮವಾರ

ಗಂಟಿನ ಒಂದು ತುದಿ ಸಿಕ್ಕಿತು.

ನಾವು ಸದಸ್ಯರ ಹೆಸರುಗಳನ್ನು ಇಳಿಸಿಕೊಂಡದ್ದು ಖತಾವಣಿಯಿಂದಲ್ಲ, 2004ರಲ್ಲಿ ಮಾಡಿಸಿದ್ದ ಕಂಪ್ಯೂಟರ್ ಪಟ್ಟಿಯಿಂದ. ನಾನು ಕೆಲಸಕ್ಕೆ ಸೇರುವುದಕ್ಕೆ ಒಂದು ವರ್ಷ ಮೊದಲು ಯಾರೋ ಬಂದು ಎಲ್ಲ ಹೆಸರು ಟೈಪ್ ಮಾಡಿ ಒಂದು ಸೀಡಿ, ಒಂದು ಮುದ್ರಿತ ಪಟ್ಟಿ ಕೊಟ್ಟು ಹೋಗಿದ್ದರಂತೆ. ಮುದ್ರಿತ ಪಟ್ಟಿಯನ್ನೇ ವರ್ಷವರ್ಷ ತಿದ್ದುತ್ತ ಬಂದಿದ್ದೇವೆ. ಮೂಲ ಹೇಗಿತ್ತೆಂದು ನೋಡಲು ಸೀಡಿ ಹಾಕಿದರೆ ಅದು ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಗದಗದ ಅಂಗಡಿಯಲ್ಲಿ ಅರ್ಧ ದಿನ ಕುಳಿತು ಒಂದು ಕಡತ ತೆಗೆಸಿದೆ. ತೆರೆದರೆ ಒಂದಕ್ಷರ ಕನ್ನಡವಿಲ್ಲ. ಯೂರೋಪಿನ ಭಾಷೆಗಳ ಕೊಂಬು ಚುಕ್ಕೆಯ ಅಕ್ಷರಗಳು ಸಾಲುಸಾಲಾಗಿ.

ನಮ್ಮ ಆಪರೇಟರ್ ಹುಡುಗಿಗೆ ಇದು ಹೊಸದು, ನನಗೆ ಗೊತ್ತಿತ್ತು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತಿತರ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ತಲೆಕಟ್ಟು ಒಂದು ಮನೆಯಲ್ಲಿ, ಒತ್ತು ಇನ್ನೊಂದರಲ್ಲಿ, ದೀರ್ಘ ಮತ್ತೊಂದರಲ್ಲಿ. ಅದೇ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರ್ ಅದನ್ನು ಕನ್ನಡವೆಂದು ಎಂದೂ ತಿಳಿದಿರಲೇ ಇಲ್ಲ. ಪರಿವರ್ತಕ ಹುಡುಕಿ ಯೂನಿಕೋಡ್‌ಗೆ ತಂದೆವು. ಒತ್ತಕ್ಷರಗಳು ಅಲ್ಲಲ್ಲಿ ಮುರಿದವು; ‘ಸಿದ್ಧವ್ವ’, ‘ಶಂಕ್ರಪ್ಪ’, ‘ಲಕ್ಷ್ಮವ್ವ’ ಎಲ್ಲವನ್ನೂ ಕೈಯಿಂದ ತಿದ್ದಬೇಕಾಯಿತು. ಇಪ್ಪತ್ತು ವರ್ಷದ ಕಡತಕ್ಕೆ ಎರಡು ದಿನದ ಔಷಧೋಪಚಾರ. 1926ರ ಖತಾವಣಿಯನ್ನು ಮೇಜಿನ ಮೇಲಿಟ್ಟು ತೆರೆದೆ, ಓದಿದೆ.

ಆ ಪಟ್ಟಿಯನ್ನೂ ಏಳು ಖತಾವಣಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ ತಿಳಿಯಿತು: ಟೈಪ್ ಮಾಡಿದವರು ‘ಮೃತ’ ಎಂದು ಕೆಂಪು ಶಾಯಿಯಲ್ಲಿ ಬರೆದ ಹೆಸರುಗಳನ್ನೆಲ್ಲ ಬಿಟ್ಟಿದ್ದಾರೆ. ಸತ್ತವರು ಸದಸ್ಯರಲ್ಲ ಎಂದುಕೊಂಡಿರಬೇಕು. ಆದರೆ ಅವರಲ್ಲಿ 137 ಜನರ ಷೇರು ವಾರಸರಿಗೆ ವರ್ಗವೂ ಆಗಿಲ್ಲ, ಮರಳಿ ಕೊಟ್ಟಿದ್ದೂ ಇಲ್ಲ. ಹಣ ಸಂಘದಲ್ಲೇ ಇದೆ, ಹೆಸರು ಇಲ್ಲ. ಕೂಡಿಸಿದರೆ ರೂ. 3,940.

ಉಳಿದದ್ದು 715.

19 ಜುಲೈ, ಶುಕ್ರವಾರ

ಮೂರು ದಿನ ಜಿಟಿಜಿಟಿ ಮಳೆ. ಕರೆಂಟು ಬಂದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಬಂದರೆ ಕರೆಂಟಿಲ್ಲ. ಹುಡುಗಿಗೆ ಕನ್ನಡ ಅಂಕಿ ಓದಲು ಕಲಿಸುತ್ತ ಕುಳಿತೆ. ಶಾಲೆಯಲ್ಲಿ ಕಲಿತದ್ದು ಅವಳಿಗೆ ಮರೆತಿದೆ. ೬ ಮತ್ತು ೯ರ ಬಾಲ ಅವಳಿಗೆ ಒಂದೇ. ಮೊದಲ ಎರಡು ಖತಾವಣಿಗಳ ನಮೂದುಗಳನ್ನು ಮತ್ತೆ ನೋಡಿದಾಗ ನಾಲ್ಕು ಕಡೆ ೯೦ ಎಂದಿದ್ದುದು 60 ಆಗಿತ್ತು. ನಾಲ್ಕು ಮೂವತ್ತಲೆ 120. ಹುಡುಗಿ ಅತ್ತುಬಿಟ್ಟಳು. ಅಳುವಂಥದ್ದೇನಿಲ್ಲ, ಹುಡುಕಿದವಳೂ ನೀನೇ ಅಲ್ಲವೇ ಎಂದೆ.

ಉಳಿದದ್ದು 595.

27 ಜುಲೈ, ಶನಿವಾರ

ತೇಗದ ಪೆಟ್ಟಿಗೆಯ ತಳದಲ್ಲಿ, ನಾವು ಎಣಿಸಿದ 121ರಲ್ಲಿ ಸೇರದ ಪುಸ್ತಕವೊಂದು ಸಿಕ್ಕಿದೆ. ಉದ್ದನೆಯದು, ತೆಳ್ಳಗಿನದು, ರಟ್ಟಿಗೆ ಖಾದಿ ಬಟ್ಟೆ ಅಂಟಿಸಿದ್ದು. ಮೇಲೆ ಬರೆದಿದೆ: ‘ಹಳೇ ನಾಣ್ಯದಿಂದ ಹೊಸ ನಾಣ್ಯಕ್ಕೆ ಬದಲಾವಣೆ ಮಾಡಿದ ಯಾದಿ, 1957’.

ರಾತ್ರಿ ಹನ್ನೊಂದಾಯಿತು, ಇನ್ನೂ ನನ್ನ ಮೇಜಿನ ಮೇಲಿದೆ.

1957ರ ಏಪ್ರಿಲ್ 1ರಂದು ದೇಶದಲ್ಲಿ ಆಣೆ ಹೋಗಿ ನಯಾಪೈಸೆ ಬಂತು. ಅದುವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಲ್ಲಿಂದ ರೂಪಾಯಿಗೆ 100 ನಯಾಪೈಸೆ. ಒಂದು ಆಣೆಗೆ ಸರಿಯಾಗಿ ಆರೂಕಾಲು ಪೈಸೆ ಬೀಳುತ್ತದೆ, ಆದರೆ ಕಾಲು ಪೈಸೆಯ ನಾಣ್ಯವಿಲ್ಲ. ಅದಕ್ಕೆಂದೇ ಸರಕಾರ ಕೋಷ್ಟಕ ಹೊರಡಿಸಿತ್ತು: ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. ಅಂಗಡಿಗಳಲ್ಲಿ ಇದೇ ದೊಡ್ಡ ಗೊಂದಲವಾಗಿತ್ತೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆದರೆ ಒಂದು ಹಳ್ಳಿಯ ಸೊಸಾಯಿಟಿಗೆ ಆ ದಿನ ಎಂಥದ್ದಾಗಿತ್ತೆಂದು ನಾನು ಯೋಚಿಸಿಯೇ ಇರಲಿಲ್ಲ. ಷೇರಿನ ಕಂತು, ಉಳಿತಾಯ, ಸಾಲದ ಬಡ್ಡಿ, ಎಲ್ಲವೂ ಆಣೆ ಪೈಗಳಲ್ಲಿ. ಒಂದು ರಾತ್ರಿಯಲ್ಲಿ ಎಲ್ಲವನ್ನೂ ಹೊಸ ಅಂಕಿಗೆ ತರಬೇಕು.

ನಾವು ಈಗ ಮಾಡುತ್ತಿರುವುದೂ ಅದೇ. ಅವರು ಹೇಗೆ ಮಾಡಿದರು?

412 ಸದಸ್ಯರು, ಒಬ್ಬೊಬ್ಬರಿಗೆ ಒಂದು ಸಾಲು. ಮೊದಲು ಸದಸ್ಯ ನಂಬರು, ಹೆಸರು, ಓಣಿ. ಆಮೇಲೆ ಹಳೇ ಬಾಕಿ, ರೂಪಾಯಿ ಆಣೆ ಪೈ. ಅದರ ಪಕ್ಕ ಹೊಸ ಬಾಕಿ, ರೂಪಾಯಿ ನಯಾಪೈಸೆ. ಅದರ ಪಕ್ಕ ‘ಫರಕು’, ಹೆಚ್ಚೋ ಕಡಿಮೆಯೋ. ಕೊನೆಯಲ್ಲಿ ಸದಸ್ಯನ ಸಹಿ ಅಥವಾ ಹೆಬ್ಬೆಟ್ಟು. ಉಳಿತಾಯದಲ್ಲಿ 7 ರೂಪಾಯಿ 6 ಆಣೆ ಇದ್ದವನಿಗೆ 7.37 ಬಂತು, ಅರ್ಧ ಪೈಸೆ ಹೋಯಿತು. 3 ಆಣೆ ಇದ್ದವನಿಗೆ 19 ಪೈಸೆ, ಕಾಲು ಪೈಸೆ ಲಾಭ. ಅರ್ಧ ಪೈಸೆ, ಕಾಲು ಪೈಸೆ ಎಂದು 412 ಸಾಲುಗಳಲ್ಲೂ ಬರೆದಿದ್ದಾರೆ. ಕೆಲವು ಸಹಿ ಮೋಡಿಯಲ್ಲಿವೆ, ಒಂದೆರಡು ಇಂಗ್ಲಿಷಿನಲ್ಲಿ. ಮುಕ್ಕಾಲು ಪಾಲು ಹೆಬ್ಬೆಟ್ಟು. ಬರೆದದ್ದು ಒದ್ದೆಯಾದರೆ ನೇರಳೆಯಾಗುವ ಪೆನ್ಸಿಲ್ಲಿನಿಂದ; ಬೆವರು ತಾಗಿದ ಕಡೆಯೆಲ್ಲ ಅಕ್ಷರ ನೇರಳೆಗೆ ತಿರುಗಿದೆ.

ಸಹಿಗಳ ತಾರೀಖು ನೋಡಿದರೆ ಏಪ್ರಿಲ್ 2ಕ್ಕೆ ಶುರು, ಮೇ 30ಕ್ಕೆ ಮುಕ್ತಾಯ. ಎರಡು ತಿಂಗಳು ಒಬ್ಬೊಬ್ಬರನ್ನೂ ಕರೆಸಿ, ಓದಿ ಹೇಳಿ, ಒಪ್ಪಿಸಿಕೊಂಡಿದ್ದಾರೆ. ಕೊನೆಯ ಪುಟದಲ್ಲಿ ಒಟ್ಟು ಫರಕು 94 ನಯಾಪೈಸೆ, ಅದನ್ನು ಸಂಘದ ಖರ್ಚಿಗೆ ಹಾಕುವುದೆಂದು ಠರಾವು. ಬರೆದವರ ಹೆಸರಿಲ್ಲ, ‘ಗುಮಾಸ್ತ’ ಎಂದಷ್ಟೇ ಇದೆ.

ಪಂಚಾಯಿತಿಯಲ್ಲಿ ಕರೆಂಟು ಸಹ ಇದ್ದಿರದ ಕಾಲದಲ್ಲಿ, ಒಂದು ರೂಪಾಯಿಗೂ ಕಡಿಮೆ ವ್ಯತ್ಯಾಸವನ್ನು ಅನಾಮತ್ತಿಗೆ ತಳ್ಳದೆ ಈ ಮನುಷ್ಯ ಹೆಸರುಹೆಸರಾಗಿ ಬಿಡಿಸಿ ಇಟ್ಟಿದ್ದಾನೆ. ನಾಳೆಯಿಂದ ನಮ್ಮದೂ ಇದೇ ಪುಸ್ತಕ. ಹಳೇ ನಂಬರು, ಹೊಸ ನಂಬರು, ಖತಾವಣಿಯಲ್ಲಿದ್ದ ಹೆಸರು, ಆಧಾರ್‌ನಲ್ಲಿರುವ ಹೆಸರು, ಹಳೇ ಮೊತ್ತ, ಹೊಸ ಮೊತ್ತ, ಸಹಿ. ಕಂಪ್ಯೂಟರಿಗೆ ಹೋಗುವ ಮೊದಲು ಪ್ರತಿ ಸದಸ್ಯನೂ ತನ್ನ ಸಾಲನ್ನು ನೋಡಿ ಒಪ್ಪಬೇಕು.

ಎರಡು ಹೆಸರು ಯಾಕೆ ಬೇಕೆಂದು ಕಂಪನಿಯ ಹುಡುಗ ಕೇಳುತ್ತಾನೆ, ಗೊತ್ತು. ಇಂಗ್ಲಿಷಿಗೆ ಹೋದ ಕೂಡಲೇ ನಮ್ಮ ಳ ಲ ಒಂದಾಗುತ್ತವೆ, ಣ ನ ಒಂದಾಗುತ್ತವೆ, ಹ್ರಸ್ವ ದೀರ್ಘ ಅಳಿಸುತ್ತವೆ. ಕಾಳಪ್ಪನಿಗೂ ಕಲ್ಲಪ್ಪನಿಗೂ ಒಂದು ಅಕ್ಷರದ ಅಂತರ ಉಳಿದರೆ ಹೆಚ್ಚು. ಕನ್ನಡದ ಹೆಸರು ಕನ್ನಡದಲ್ಲೇ ಒಂದು ಮನೆಯಲ್ಲಿ ಇರಲೇಬೇಕು. ‘ಷರಾ’ ಎಂಬ ಖಾಲಿ ಜಾಗ ತಂತ್ರಾಂಶದಲ್ಲಿದೆ. ಬೇರೆ ಕಡೆ ಎಡೆ ಸಿಗದಿದ್ದರೆ ಅಲ್ಲೇ ಬರೆಯುತ್ತೇನೆ.

9 ಆಗಸ್ಟ್, ಶುಕ್ರವಾರ, ನಾಗರ ಪಂಚಮಿ

ಹಬ್ಬದ ದಿನವೂ ಬರೆಯುತ್ತಿದ್ದೇನೆ, ಏಕೆಂದರೆ ಈ ಮೂರು ದಿನದಲ್ಲಿ ಆದ ಕೆಲಸ ಮೂರು ವಾರದಲ್ಲಿ ಆಗಿರಲಿಲ್ಲ.

ಸತ್ತ 137 ಜನರ ವಾರಸರನ್ನು ಹುಡುಕುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದೆ. ಗಂಡಸರನ್ನು ಕೇಳಿದರೆ “ಆ ಮನೆತನದವ್ರು ಊರು ಬಿಟ್ಟು ಭಾಳ ದಿನ ಆತು” ಎನ್ನುತ್ತಾರೆ. ಸಿಪಾಯಿ ಕಾಕಾ ಹೇಳಿದರು: “ಪಂಚಮಿಗೆ ಹೆಣ್ಮಕ್ಳು ಬರ್ತಾರಲ್ಲವಾ, ಅವ್ರನ್ನ ಕೇಳು. ತವರಿನ ಓಣಿ ಅವ್ರು ಮರ್ಯಾಂಗಿಲ್ಲ.” ಎಷ್ಟು ನಿಜ. ಐವತ್ತು ವರ್ಷದ ಹಿಂದೆ ಮದುವೆಯಾಗಿ ಹೋದವರಿಗೆ ಯಾರ ಮನೆ ಯಾವುದರ ಪಕ್ಕ, ಯಾರಿಗೆ ಯಾವ ಅಡ್ಡಹೆಸರು, ಯಾರ ಮಗ ಯಾವ ಊರು ಸೇರಿದ ಎಂಬುದೆಲ್ಲ ಬಾಯಲ್ಲೇ ಇದೆ. ಪಟ್ಟಿ ಹಿಡಿದು ಜೋಕಾಲಿ ಕಟ್ಟಿದ ಅಂಗಳಗಳಿಗೆ ಹೋದೆ. ಎಲ್ಲೆಲ್ಲೂ ತಂಬಿಟ್ಟಿನ ಉಂಡಿ, ಅಳ್ಳಿಟ್ಟು. ಮನೆಗೆ ಬಂದಾಗ ಸೆರಗಿನಲ್ಲಿ ಉಂಡಿ, ಪಟ್ಟಿಯಲ್ಲಿ ಹೆಸರು. ಇವತ್ತಿಗೆ 88 ಮನೆತನಗಳ ಗುರುತು ಹತ್ತಿದೆ.

ಇನ್ನೊಂದು ಗಂಟೂ ಅವರಿಂದಲೇ ಬಿಚ್ಚಿತು. ಒಂದೇ ಹೆಸರು, ಒಂದೇ ತಂದೆಯ ಹೆಸರು, ಒಂದೇ ಮನೆತನದ ಇಬ್ಬರು. 2004ರಲ್ಲಿ ಟೈಪ್ ಮಾಡಿದವರು ಎರಡು ಸಲ ಬಂದಿದೆ ಎಂದು ಒಬ್ಬನನ್ನು ಅಳಿಸಿದ್ದರು. “ಅವ್ರಿಬ್ರೂ ಅಣ್ಣತಮ್ಮರ ಮಕ್ಳು. ಅಪ್ಪಂದಿರಿಗೂ ಒಂದ ದೇವ್ರ ಹೆಸ್ರು. ಒಬ್ಬಾಂವ ಮ್ಯಾಲಿನ ಓಣಿ, ಒಬ್ಬಾಂವ ಹೊಳಿ ಕಡೀದು” ಎಂದು ಒಬ್ಬ ಅತ್ತೆ ಸಲೀಸಾಗಿ ಬಿಡಿಸಿಟ್ಟಳು. ಖತಾವಣಿಯಲ್ಲೂ ಓಣಿ ಬೇರೆಬೇರೆ ಎಂದೇ ಬರೆದಿದೆ. ಪಟ್ಟಿ ಮಾಡುವಾಗ ಓಣಿಯ ಕಾಲಮ್ಮನ್ನೇ ಬಿಟ್ಟಿದ್ದರು. ಅಳಿಸಿಹೋದವನ ಷೇರು ರೂ. 500.

ಉಳಿದದ್ದು 95.

ಸಂಜೆ ಎಂಬತ್ತು ದಾಟಿದ ಒಬ್ಬ ಅಜ್ಜಿ ತಾವಾಗಿಯೇ ಮನೆಗೆ ಬಂದರು. ತಂದೆಯ ಹೆಸರು ಹೇಳಿದರು. ಎರಡನೆಯ ಖತಾವಣಿಯಲ್ಲಿದೆ: 1951, ಹತ್ತು ರೂಪಾಯಿಯ ಷೇರು, ಎರಡೆರಡು ರೂಪಾಯಿಯ ಐದು ಕಂತು. ಕಂತು ಕಟ್ಟಿದ ಒಂದು ದಿನ ತಂದೆಯ ಬೆರಳು ಹಿಡಿದು ತಾವೂ ಬಂದಿದ್ದರಂತೆ, ಶೇಂಗಾ ಮಾರಿದ ದಿನ. ನಾನು ಆ ಪುಟದ ಫೋಟೊ ತೋರಿಸಿದೆ. ಅವರು ಬಹಳ ಹೊತ್ತು ನೋಡಲಿಲ್ಲ. ನೇರವಾಗಿ ಕೇಳಿದರು: “ನಮ್ಮಣ್ಣನ ಮಕ್ಳ ಹೆಸ್ರು ಬರಕೊಂಡೀಯಂತ. ನನ್ನ ಹೆಸ್ರು?”

ಬರೆದಿರಲಿಲ್ಲ. 88 ಮನೆತನಗಳಲ್ಲಿ ಒಂದರಲ್ಲೂ ನಾನು ಹೆಣ್ಣುಮಕ್ಕಳ ಹೆಸರು ಬರೆದುಕೊಂಡಿಲ್ಲ. ಎಲ್ಲ ಗುರುತನ್ನೂ ಹೇಳಿದವರು ಅವರು, ನಾನು ಬರೆದುಕೊಂಡದ್ದು ಅವರ ಅಣ್ಣತಮ್ಮಂದಿರನ್ನು. 1956ರ ಉತ್ತರಾಧಿಕಾರ ಕಾಯಿದೆಯಲ್ಲೇ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳೂ ಮಗನ ಸರಿಸಮ ವಾರಸಳು. ಇವರ ತಂದೆ ತೀರಿಕೊಂಡದ್ದು 1970ರ ಸುಮಾರಿಗೆ. ಹತ್ತು ರೂಪಾಯಿಯೇ ಇರಲಿ, ಅದರಲ್ಲಿ ಅವರ ಪಾಲಿದೆ. ಅವರೆದುರೇ ಹೆಸರು ಬರೆದೆ. ಉಳಿದ 87ಕ್ಕೂ ನಾಳೆ ಮತ್ತೆ ಹೋಗಬೇಕು, ಹಬ್ಬ ಮುಗಿದು ಅವರು ಗಂಡನ ಮನೆಗೆ ಹೊರಡುವ ಮೊದಲು.

28 ಆಗಸ್ಟ್, ಬುಧವಾರ

ಹೆಸರು ಬಿಡಿಸಿ ಒಕ್ಕುವ ಕಾಲ, ಆಳು ಸಿಗುವುದಿಲ್ಲ. ಆದರೂ ಸದಸ್ಯರು ಬಂದು ಸಹಿ ಹಾಕಿ ಹೋಗುತ್ತಿದ್ದಾರೆ. 2024ರ ಯಾದಿಯಲ್ಲಿ 1,100 ಸಾಲು ದಾಟಿದೆ.

ಈ ನಡುವೆ ಸ್ಕ್ಯಾನಿಂಗ್. ಹಾಳೆ ಎಳೆದುಕೊಳ್ಳುವ ಯಂತ್ರ ಹಳೆಯ ಪುಸ್ತಕಕ್ಕೆ ಬೇಡವೇ ಬೇಡ. ಹೊಲಿಗೆ ಬಿಚ್ಚಬೇಕಾಗುತ್ತದೆ, ಹಾಳೆ ಪುಡಿಯಾಗುತ್ತದೆ. ಪುಸ್ತಕವನ್ನು ಅರ್ಧ ತೆರೆದು ಮೇಲಿನಿಂದ ಚಿತ್ರ ತೆಗೆಯುವ ಸ್ಟ್ಯಾಂಡ್ ಮಾಡಿಸಿದೆವು. ಖಾಲಿ ಪುಟವನ್ನೂ ಬಿಡಬಾರದೆಂದು ಹುಡುಗಿಗೆ ಹೇಳಿದ್ದೇನೆ. ಪುಟದ ನಂಬರಿನಲ್ಲಿ ಒಂದು ತಪ್ಪಿದರೂ ನಾಳೆ ಯಾರೋ ಹರಿದರು ಎಂಬ ಮಾತು ಬರುತ್ತದೆ. ರಟ್ಟು, ಅಂಚಿನ ಷರಾ, ಹಿಂಬದಿಯ ಗೀಚು, ಎಲ್ಲವೂ ಬೇಕು. ಕಡತದ ಹೆಸರು ಮೂರು ಭಾಗ: ಪುಸ್ತಕ, ಇಸವಿ, ಪುಟ. ಹೆಸರಿಡದೆ ತೆಗೆದ ಹತ್ತು ಸಾವಿರ ಚಿತ್ರಗಳಿಗೂ ಬೀಗ ಹಾಕಿದ ಕೋಣೆಗೂ ಏನೂ ವ್ಯತ್ಯಾಸವಿಲ್ಲ.

ಹಳೆಯ ಪುಸ್ತಕಗಳಲ್ಲಿ ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಅವುಗಳ ಕೊಂಡಿ. ಕಿರ್ದಿಯ ಪ್ರತಿ ಸಾಲಿನಲ್ಲೂ ಖತಾವಣಿಯ ಪುಟದ ನಂಬರು, ಖತಾವಣಿಯ ಪ್ರತಿ ಸಾಲಿನಲ್ಲೂ ಕಿರ್ದಿಯ ಪುಟದ ನಂಬರು. ಯಾವ ಅಂಕಿಯನ್ನು ಹಿಡಿದರೂ ಅದು ಹುಟ್ಟಿದ ದಿನಕ್ಕೆ ಹೋಗಿ ಮುಟ್ಟಬಹುದು. ಆಖೈರು ಶಿಲ್ಕನ್ನು ಮಾತ್ರ ಕಿತ್ತು ಕೊಟ್ಟಾಗ ಕಡಿದುಹೋಗುವುದು ಈ ಕೊಂಡಿಯೇ. ಅದಕ್ಕಾಗಿ ಹೊಸ ತಂತ್ರಾಂಶದ ಷರಾದಲ್ಲಿ ಪ್ರತಿ ಸದಸ್ಯನಿಗೂ ಹಳೇ ಖತಾವಣಿಯ ನಂಬರು ಮತ್ತು ಪುಟ ಹಾಕಿಸುತ್ತಿದ್ದೇನೆ. ಕಂಪನಿಯ ಹುಡುಗನಿಗೆ ಇದು ಬಹಳ ಹಿಡಿಸಿತು. ಮುಂದಿನ ಊರಿನಲ್ಲಿ ಇದನ್ನೇ ಹೇಳಿಕೊಡುತ್ತೇನೆ ಎಂದ.

ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬ ನಿರ್ದೇಶಕರು, ಸ್ಕ್ಯಾನ್ ಆದ ಮೇಲೆ ಪುಸ್ತಕಗಳನ್ನು ರದ್ದಿಗೆ ಹಾಕಿದರೆ ಕೋಣೆ ಗೋದಾಮಿಗೆ ಆಗುತ್ತದೆ ಎಂದರು. ನಾನು ಗುಮಾಸ್ತೆ, ಸಭೆಯಲ್ಲಿ ಮಾತಾಡುವ ರೂಢಿಯಿಲ್ಲ. 2004ರ ಸೀಡಿಯನ್ನೂ 1957ರ ಯಾದಿಯನ್ನೂ ಮೇಜಿನ ಮೇಲಿಟ್ಟು, ಎರಡನ್ನೂ ತೆರೆದು ನೋಡಿರಿ ಎಂದಷ್ಟೇ ಕೇಳಿಕೊಂಡೆ. ಪುಸ್ತಕಗಳು ಕೋಣೆಯಲ್ಲೇ ಇರಬೇಕೆಂದು ಠರಾವಾಯಿತು. ನೆಲದಿಂದ ಒಂದು ಗೇಣು ಎತ್ತರದ ಕಟ್ಟಿಗೆಯ ಹಲಗೆ, ಒರಲೆ ಹತ್ತದಂತೆ ಕಪಾಟಿನ ಕಾಲಿಗೆ ಟಾರು, ಬೇವಿನ ಎಲೆ. ಸ್ಕ್ಯಾನ್ ಮಾಡಿದ್ದಕ್ಕೆ ಮೂರು ಪ್ರತಿ, ಒಂದು ಊರ ಹೊರಗೆ.

14 ಸೆಪ್ಟೆಂಬರ್, ಶನಿವಾರ

ತಂತ್ರಾಂಶ ಇವತ್ತಿನಿಂದ ಚಾಲ್ತಿ. ಬೆಳಿಗ್ಗೆ ಮೊದಲ ರಸೀದಿ ಯೂರಿಯಾಕ್ಕೆ ಹೊಡೆದೆವು, ಕನ್ನಡದಲ್ಲೇ ಬಂತು. ಸಂಜೆ ಆರಕ್ಕೆ ದಿನದ ಕಿರ್ದಿ ಮುಚ್ಚಿತು, ನಗದು ಶಿಲ್ಕು ಪೆಟ್ಟಿಗೆಯ ಹಣಕ್ಕೆ ಸರಿ. ಹತ್ತೊಂಬತ್ತು ವರ್ಷದಲ್ಲಿ ಸಂಜೆ ಆರಕ್ಕೆ ಲೆಕ್ಕ ಮುಗಿಸಿ ಮನೆಗೆ ಹೊರಟದ್ದು ಎಣಿಸುವಷ್ಟು ಸಲ.

95 ರೂಪಾಯಿ ಸಿಗಲಿಲ್ಲ. ಮೂರನೆಯ ಖತಾವಣಿಯಲ್ಲಿ ಇಲಿ ಕಡಿದ ಎರಡು ಹಾಳೆಗಳಿವೆ, ಬಹುಶಃ ಅಲ್ಲಿದ್ದವರು. ಆ ಕಾಲದ ರೋಜು ಕಿರ್ದಿಯಲ್ಲಿ ಹುಡುಕಿದೆ. ‘ಷೇರು ಬಾಬತ್ತು ಜಮಾ’ ಎಂದು ದಿನದ ಮೊತ್ತವಿದೆ, ಹೆಸರು ಬಿಡಿಸಿಲ್ಲ. ಐದು ರೂಪಾಯಿಯ ಷೇರಾದರೆ ಹತ್ತೊಂಬತ್ತು ಜನ. ಅವರನ್ನು ‘ಇತರೆ’ ಎಂಬ ಸಾಲಿನಲ್ಲಿ ಬೆರೆಸಲು ನಾನು ಒಪ್ಪಲಿಲ್ಲ. ಬೇರೆಯದೇ ಒಂದು ಖಾತೆ ತೆರೆದು, ಮೂರನೆಯ ಖತಾವಣಿಯ ಆ ಎರಡು ಪುಟಗಳ ನಂಬರನ್ನು ಷರಾದಲ್ಲಿ ಹಾಕಿದ್ದೇನೆ. ಮುಂದೆ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಒಂದು ಹಳೆಯ ಷೇರು ಪತ್ರ ಸಿಕ್ಕರೆ ಎಲ್ಲಿ ಸೇರಿಸಬೇಕೆಂದು ಗೊತ್ತಿರಲಿ.

22 ಸೆಪ್ಟೆಂಬರ್, ಭಾನುವಾರ

ಸರ್ವಸದಸ್ಯರ ಸಭೆ ಶಾಲೆಯ ಅಂಗಳದಲ್ಲಿ ಆಯಿತು. ಆಡಿಟ್ ವರದಿ, ಮುಂಗಡ ಪತ್ರ, ಲಾಭ ವಿಂಗಡಣೆ, ಎಲ್ಲವೂ ಪ್ರತಿ ವರ್ಷದಂತೆ ಬೇಗ ಮುಗಿದವು. ಆಮೇಲೆ ಅಧ್ಯಕ್ಷ ಗೌಡರು ನನ್ನನ್ನು ಕರೆದು ಮೃತ ಸದಸ್ಯರ ಯಾದಿ ಓದಿಸಿದರು. 137 ಹೆಸರು, ಓಣಿಯ ಸಮೇತ. ಓದಲು ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. ನಡುನಡುವೆ “ನಮ್ಮಜ್ಜ”, “ನಮ್ಮ ಸಣ್ಣಮುತ್ಯಾ” ಎಂಬ ಮಾತು ಕೇಳುತ್ತಿತ್ತು. ಓದಿ ಮುಗಿಸುವಾಗ ಇನ್ನೂ ಗುರುತು ಹತ್ತದ 49ರಲ್ಲಿ ಆರು ಹೆಸರಿಗೆ ಕೈ ಎದ್ದವು. ವಾರಸಾ ಅರ್ಜಿಯಲ್ಲಿ ಹೆಣ್ಣುಮಕ್ಕಳ ಹೆಸರೂ ಇರಬೇಕೆಂಬ ಸೂಚನೆಗೆ ಸ್ವಲ್ಪ ಗದ್ದಲವಾಯಿತು, ಆದರೆ ಪಾಸಾಯಿತು.

ರಾತ್ರಿ ನಡಾವಳಿ ಬರೆದು ಮುಗಿಸಿದೆ. ಪುಸ್ತಕ 20, ಪುಟ 14, ಠರಾವು 9: ಹೆಸರು ಸಿಗದ ಷೇರು ಮೊಬಲಗು ರೂ. 95-00. ಸಂಘದ ಲಾಭಕ್ಕೆ ಎಂದಿಗೂ ಜಮಾ ಮಾಡತಕ್ಕದ್ದಲ್ಲ; ಪ್ರತಿ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಓದತಕ್ಕದ್ದು.